ಅನ್ನದಾನ ಮತ್ತು ಅನ್ನದ ಅರಿವು

ಅನ್ನದಾನವು ಹಿರಿದೋ ವಿದ್ಯಾದಾನವು ಹಿರಿದೋ ಎಂಬ ಜಿಜ್ಞಾಸೆಯು ನಮ್ಮ ಪ್ರವಚನಮಂದಿರಗಳಲ್ಲಿ ಬಹುಕಾಲದಿಂದ ನಡೆದುಬಂದಿರುವುದು ಸರ್ವವಿದಿತವಾಗಿದೆ. ಉಂಡ ಅನ್ನ ಸಂಜೆಗೆ ಕರಗುತ್ತದೆ, ಕಲಿತ ವಿದ್ಯೆ ಕಡೆತನಕ ಉಳಿಯುತ್ತದೆ ಎನ್ನುವವರು ಒಂದು ಪಕ್ಷ. ಹಸಿದ ಹೊಟ್ಟೆಯವನ ಕಿವಿಗೆ ಯಾವ ವಿದ್ಯೆಯೂ ಇಳಿಯದು ಎನ್ನುವವರು ಇನ್ನೊಂದು ಪಕ್ಷ. ಈ ಎರಡು ದಾನಗಳ ಸೀಮೆಯಲ್ಲಿ ನಿಂತಿರುವ ಮೂರನೆಯದೊಂದು ಇದೆ. ಅನ್ನವನ್ನು ಕುರಿತ ಅರಿವನ್ನು ಕೊಡುವುದು, ಅಂದರೆ ಯಾವ ಧಾನ್ಯದಲ್ಲಿ ಯಾವ ಸತ್ತ್ವವಿದೆ, ಗರ್ಭಿಣಿಗೆ ಏನು ಬೇಕು, ಎಳೆಗೂಸಿಗೆ ಯಾವಾಗ ಏನನ್ನು ಉಣಿಸಬೇಕು ಎಂಬುದನ್ನು ಕಡಿಮೆ ಆದಾಯದ ಕುಟುಂಬಗಳಿಗೆ ತಿಳಿಸುವ ಕಾರ್ಯ. ಈ ಕಾರ್ಯಕ್ಕೆ ಹಣವನ್ನು ವಿನಿಯೋಗಿಸುವುದು ದಾನವೆನಿಸುವುದೇ? ಎನಿಸುವುದಾದರೆ ಅದನ್ನು ಯಾವ ರೀತಿಯಲ್ಲಿ ಕೊಡಬೇಕು? ಇದೇ ಪ್ರಸ್ತುತ ವಿಚಾರ.

ಇದು ಕೇವಲ ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ಆರಾಧನೆ, ಜಯಂತಿ, ಧನುರ್ಮಾಸ, ಅಧಿಕಮಾಸಗಳಲ್ಲಿ ನಮ್ಮ ಕುಟುಂಬಗಳು ಸಂತರ್ಪಣೆಗೆಂದು ಧಾರಾಳವಾಗಿ ಕೊಡುತ್ತವೆ. ಎಲೆಯ ಮುಂದೆ ಕುಳಿತವನ ತೃಪ್ತಿ ಕಣ್ಣಿಗೆ ಕಾಣುತ್ತದೆ. ಕೊಟ್ಟವನ ಹೆಸರು ಫಲಕದ ಮೇಲೆ ಬರುತ್ತದೆ. ಅರಿವನ್ನು ಕೊಡುವ ಕೆಲಸಕ್ಕಾದರೋ ಒಲೆಯ ಹೊಗೆಯಿಲ್ಲ, ಪಂಕ್ತಿಯಿಲ್ಲ, ಫಲಕವಿಲ್ಲ. ಆದುದರಿಂದಲೇ ಅದಕ್ಕೆ ಕೈಯೆತ್ತಿ ಕೊಡುವವರು ವಿರಳ.

ಮೈಸೂರಿನವರಾದ ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದಕ್ಕೆ ವಿಶೇಷ ಕಾರಣಗಳುಂಟು. 1950ರಲ್ಲಿ ಈ ನಗರದ ಚೆಲುವಾಂಬ ಮಹಲಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಆರಂಭವಾಯಿತು. ಅಲ್ಲಿನ ವಿಜ್ಞಾನಿಗಳು ಮೊದಲ ವರ್ಷಗಳಲ್ಲಿಯೇ ಕೈಗೆತ್ತಿಕೊಂಡ ಕಾರ್ಯಗಳಲ್ಲೊಂದು, ಬಡವರ ಊಟದಲ್ಲಿ ಕೊರತೆಯಾದ ಸಸಾರಜನಕವನ್ನು ಕಡಿಮೆ ವೆಚ್ಚದಲ್ಲಿ ತುಂಬುವುದು. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಸೇರಿಸಿ, ಜೀವಸತ್ತ್ವ ಮತ್ತು ಸುಣ್ಣದ ಅಂಶವನ್ನು ಕೂಡಿಸಿ ಅವರು ಸಿದ್ಧಪಡಿಸಿದ ವಿವಿಧೋದ್ದೇಶ ಆಹಾರವು ದೇಶದಲ್ಲೆಲ್ಲ ಹೆಸರಾಯಿತು. ಎರಡನೆಯ ಕಾರಣ ಇನ್ನೂ ಹತ್ತಿರದ್ದು. 1975ರ ಅಕ್ಟೋಬರ್ 2ರಂದು ಭಾರತ ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದಾಗ, ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುದು ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರ. ಕಾವೇರಿ ಕಪಿಲೆಯರ ಸಂಗಮವಾದ, ಶ್ರೀ ವ್ಯಾಸರಾಜ ಮಠದ ಸೋಸಲೆಯನ್ನು ತನ್ನ ಮಡಿಲಲ್ಲಿಟ್ಟುಕೊಂಡಿರುವ ಆ ತಾಲ್ಲೂಕಿನಲ್ಲಿ 100 ಅಂಗನವಾಡಿಗಳು ತೆರೆದವು. ಇಂದು ರಾಜ್ಯದ ಊರೂರಿನಲ್ಲಿ ಕಾಣುವ ಅಂಗನವಾಡಿಗೆ ಅದೇ ಮೂಲ.

ಆ ಯೋಜನೆಯಲ್ಲಿ ಆರು ಸೇವೆಗಳನ್ನು ಹೇಳಿದೆ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳುಹಿಸುವಿಕೆ, ಶಾಲಾಪೂರ್ವ ಶಿಕ್ಷಣ ಇವು ಐದು; ಆರನೆಯದು 15ರಿಂದ 45 ವರ್ಷದ ಸ್ತ್ರೀಯರಿಗೆ ಪೌಷ್ಟಿಕತೆ ಮತ್ತು ಆರೋಗ್ಯಗಳ ಶಿಕ್ಷಣ. ಮೊದಲಿನ ಐದನ್ನು ಎಣಿಸಬಹುದು, ಅಳೆಯಬಹುದು. ಇಷ್ಟು ಮಕ್ಕಳು ಉಂಡರು, ಇಷ್ಟು ಮಕ್ಕಳಿಗೆ ಚುಚ್ಚುಮದ್ದಾಯಿತು ಎಂದು ದಾಖಲೆಯಲ್ಲಿ ಬರೆಯಬಹುದು. ಆರನೆಯದು ತಾಯಿಯೊಬ್ಬಳ ಮನಸ್ಸಿನಲ್ಲಿ ನಡೆಯತಕ್ಕದ್ದು. ಹಣವೂ ಸಮಯವೂ ಸಾಲದೆ ಬಂದಾಗ ಮೊದಲು ಬದಿಗೆ ಸರಿಯುವುದು ಅದೇ.

ಈಗ ಪೂರ್ವಪಕ್ಷಗಳನ್ನು ಪರಿಶೀಲಿಸೋಣ.

ಮೊದಲನೆಯ ಆಕ್ಷೇಪ ಹೀಗೆ: ಹಸಿದವನಿಗೆ ಬೇಕಾದುದು ಅನ್ನ, ಉಪನ್ಯಾಸವಲ್ಲ, ಕೊಳ್ಳಲು ಕಾಸಿಲ್ಲದ ತಾಯಿಗೆ ಬೇಳೆ ತಿನ್ನು, ಹಾಲು ಕುಡಿ ಎಂದು ಹೇಳುವುದು ಹಾಸ್ಯವೇ ಹೊರತು ದಾನವಲ್ಲ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯವನ್ನು ನಮ್ಮವರು ಅತತ್ತ್ವಮಸಿ ಪ್ರಕರಣಕ್ಕಾಗಿ ಮೇಲಿಂದ ಮೇಲೆ ಕೇಳಿರುತ್ತಾರೆ. ಅದೇ ಅಧ್ಯಾಯದಲ್ಲಿ, ಅದಕ್ಕೆ ಮೊದಲೇ, ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಹದಿನೈದು ದಿನ ಅನ್ನವನ್ನು ಬಿಟ್ಟು ನೀರು ಮಾತ್ರ ಕುಡಿದಿರುವಂತೆ ಹೇಳುತ್ತಾನೆ. ಹದಿನಾರನೆಯ ದಿನ ವೇದವನ್ನು ಹೇಳೆಂದರೆ ಹನ್ನೆರಡು ವರ್ಷ ಗುರುಕುಲದಲ್ಲಿ ಕಲಿತುಬಂದವನಿಗೆ ಒಂದೂ ಹೊಳೆಯದು. ತಂದೆ ಸಿಟ್ಟಾಗುವುದಿಲ್ಲ, ಮತ್ತೊಮ್ಮೆ ಪಾಠ ಮಾಡುವುದೂ ಇಲ್ಲ. ಹೋಗಿ ಉಂಡು ಬಾ ಎನ್ನುತ್ತಾನೆ. ಉಂಡ ಬಳಿಕ ಎಲ್ಲವೂ ನೆನಪಿಗೆ ಬರುತ್ತದೆ. ಮನಸ್ಸು ಅನ್ನಮಯವೆಂಬ ತತ್ತ್ವವನ್ನು ಋಷಿಯು ಬೋಧಿಸಿದ ಕ್ರಮದಲ್ಲಿಯೇ ನಮಗೊಂದು ವಿಧಿ ದೊರೆಯುತ್ತದೆ. ಪಾಠ ತಲೆಗೆ ಹತ್ತದಿದ್ದರೆ ಮೊದಲು ಶಿಷ್ಯನ ಬುದ್ಧಿಯನ್ನು ಶಂಕಿಸಬಾರದು, ಅವನ ಊಟವನ್ನು ವಿಚಾರಿಸಬೇಕು.

ಆದುದರಿಂದ ಈ ಆಕ್ಷೇಪದಲ್ಲಿ ಅರ್ಧ ಸತ್ಯವುಂಟೆಂದು ಒಪ್ಪಲೇಬೇಕು. ಅನ್ನಕ್ಕೆ ಬದಲಾಗಿ ಅರಿವನ್ನು ಕೊಡುವುದು ದಾನವಲ್ಲ. ಧಾನ್ಯಕ್ಕಿಂತ ಮಾತು ಅಗ್ಗವೆಂಬ ಕಾರಣದಿಂದ ಯಾರಾದರೂ ಶಿಕ್ಷಣವನ್ನು ಆರಿಸಿಕೊಂಡರೆ ಅದು ಲೋಭಕ್ಕೆ ತೊಡಿಸಿದ ಧರ್ಮದ ಅಂಗಿ. ಸಾರ್ವಜನಿಕ ವ್ಯವಸ್ಥೆಯಲ್ಲಿಯೂ ಅನ್ನದ ಪಾಲು ಹೇರಳವಾಗಿಲ್ಲ. 2017ರಲ್ಲಿ ನಿಗದಿಯಾದ ದರದಂತೆ ಅಂಗನವಾಡಿಯ ಪೂರಕ ಆಹಾರಕ್ಕೆ ದಿನವೊಂದಕ್ಕೆ ಒಂದು ಮಗುವಿಗೆ 8 ರೂಪಾಯಿ, ಗರ್ಭಿಣಿ ಬಾಣಂತಿಯರಿಗೆ 9 ರೂಪಾಯಿ 50 ಪೈಸೆ, ತೀವ್ರ ಅಪೌಷ್ಟಿಕತೆಯ ಮಗುವಿಗೆ 12 ರೂಪಾಯಿ. ಈ ಮೊತ್ತದಲ್ಲಿ ಮಗುವಿಗೆ 500 ಕ್ಯಾಲೊರಿ ಶಕ್ತಿ, 12ರಿಂದ 15 ಗ್ರಾಂ ಸಸಾರಜನಕ ಒದಗಬೇಕು. ನಮ್ಮ ಪೇಟೆಯಲ್ಲಿ ಒಂದು ಲೋಟ ಕಾಫಿಯ ಬೆಲೆಯನ್ನು ಬಲ್ಲವರಿಗೆ ಈ ಎಂಟು ರೂಪಾಯಿಯ ಅಳತೆ ತಾನೇ ತಿಳಿಯುತ್ತದೆ. ಇದರಿಂದ ಕಿತ್ತು ಶಿಕ್ಷಣಕ್ಕೆ ಕೊಡೆಂದು ಯಾವ ವಿವೇಕಿಯೂ ಹೇಳಲಾರನು.

ಎರಡನೆಯ ಆಕ್ಷೇಪ ಇದಕ್ಕೆ ವಿರುದ್ಧ ದಿಕ್ಕಿನದು: ಹಾಗಾದರೆ ಅನ್ನವನ್ನೇ ಯಥೇಚ್ಛವಾಗಿ ಕೊಡೋಣ, ಅರಿವಿನ ಗೊಡವೆ ಏಕೆ? ಹೊಟ್ಟೆ ತುಂಬಿದ ಮೇಲೆ ಪುಷ್ಟಿ ತಾನಾಗಿ ಬರುವುದಷ್ಟೆ? ಅನುಭವವು ಇದನ್ನು ಸಮರ್ಥಿಸುವುದಿಲ್ಲ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯು ರಾಜ್ಯದ ಬಡಕುಟುಂಬಗಳ ಮನೆಗೆ ಅಕ್ಕಿಯನ್ನು ತಲುಪಿಸಿತು. ಅದು ಸಣ್ಣ ಉಪಕಾರವಲ್ಲ. ಆದರೂ 2019ರಿಂದ 2021ರ ಅವಧಿಯ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದೂ, ಹೆಚ್ಚುಕಡಿಮೆ ಮೂರರಲ್ಲಿ ಇಬ್ಬರು ಮಕ್ಕಳಿಗೆ ರಕ್ತಹೀನತೆ ಇದೆಯೆಂದೂ ತಿಳಿದುಬಂದಿತು. ಅಕ್ಕಿ ಹಸಿವನ್ನು ನೀಗುತ್ತದೆ, ಆದರೆ ಒಂದು ಧಾನ್ಯದಿಂದಲೇ ದೇಹಕ್ಕೆ ಬೇಕಾದುದೆಲ್ಲವೂ ಒದಗದು.

ಧನುರ್ಮಾಸದ ಹುಗ್ಗಿಯನ್ನೇ ನೋಡಿರಿ. ಅಕ್ಕಿಯೊಡನೆ ಹೆಸರುಬೇಳೆಯನ್ನು ಬೇಯಿಸಿದ ಮುದ್ಗಾನ್ನವನ್ನು ಅರುಣೋದಯದಲ್ಲಿ ನಿವೇದಿಸಿ ನಾವು ಸ್ವೀಕರಿಸುತ್ತೇವೆ. ಧಾನ್ಯದ ಸಸಾರಜನಕದಲ್ಲಿ ಯಾವ ಅಂಶ ಕೊರತೆಯೋ ಅದು ಬೇಳೆಯಲ್ಲಿ ಹೆಚ್ಚು; ಬೇಳೆಯಲ್ಲಿ ಕೊರತೆಯಾದುದು ಧಾನ್ಯದಲ್ಲುಂಟು. ಎರಡೂ ಒಂದೇ ಪಾತ್ರೆಯಲ್ಲಿ ಕೂಡಿದಾಗ ಒಂದರ ನ್ಯೂನತೆಯನ್ನು ಇನ್ನೊಂದು ತುಂಬುತ್ತದೆಂದು ಆಹಾರಶಾಸ್ತ್ರವು ಹೇಳುತ್ತದೆ. ಬಡವರ ಮಡಕೆಯಿಂದ ಬೆಲೆ ಏರಿದಾಗ ಮೊದಲು ಜಾರುವುದು ಈ ಬೇಳೆಯೇ. ಆಗ ತೊಗರಿಯ ಬದಲು ಹುರುಳಿ, ಅಲಸಂದೆ, ಅವರೆಗಳಿಂದಲೂ ಅದೇ ಕೆಲಸವಾಗುತ್ತದೆಂದು ತಿಳಿದವಳು ಮಕ್ಕಳನ್ನು ಕಾಪಾಡಿಕೊಳ್ಳುತ್ತಾಳೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದೆ, ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಹತ್ತರಷ್ಟೂ ದೊರೆಯುವುದು ಕಷ್ಟವೆಂದು ತಿಳಿದವಳು ರಾಗಿಮುದ್ದೆಯನ್ನು ಬಡತನದ ಗುರುತೆಂದು ನಾಚಿ ಬಿಡುವುದಿಲ್ಲ. ಊಟದ ಜೊತೆಯಲ್ಲೇ ಚಹ ಕುಡಿದರೆ ಸೊಪ್ಪುಕಾಳುಗಳ ಕಬ್ಬಿಣಾಂಶ ಮೈಗೆ ಹತ್ತುವುದು ತಗ್ಗುತ್ತದೆ, ಅದೇ ಪಲ್ಯಕ್ಕೆ ನಿಂಬೆಹುಳಿ ಹಿಂಡಿದರೆ ಹೆಚ್ಚುತ್ತದೆ. ಇವುಗಳನ್ನು ತಿಳಿಯಲು ಹೆಚ್ಚಿನ ಹಣ ಬೇಡ, ತಿಳಿಸುವವರು ಬೇಕು.

ಎಳೆಗೂಸಿನ ವಿಷಯವಂತೂ ಇನ್ನೂ ಸೂಕ್ಷ್ಮವಾದುದು. ಆರು ತಿಂಗಳವರೆಗೆ ತಾಯಿಯ ಹಾಲೇ ಸಾಕು. ಆಮೇಲೆ ಅದೊಂದೇ ಸಾಲದು. ಆ ಹೊತ್ತಿನಲ್ಲಿ ಮಗುವಿಗೆ ತಿಳಿಗಂಜಿಯನ್ನೇ ಕುಡಿಸುತ್ತ ಹೋದರೆ ಅದರ ಪುಟ್ಟ ಹೊಟ್ಟೆ ನೀರಿನಿಂದ ತುಂಬುತ್ತದೆ, ಮಗು ಅಳುವುದನ್ನು ನಿಲ್ಲಿಸುತ್ತದೆ, ತಾಯಿ ಸಮಾಧಾನಪಡುತ್ತಾಳೆ, ತೂಕ ಮಾತ್ರ ಏರುವುದಿಲ್ಲ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟಿನ ಸರಿಯಾದರೆ ಹೆಚ್ಚು ಹಿಟ್ಟು ಹಾಕಿದರೂ ಗಟ್ಟಿಯಾಗದೆ ಮಗುವಿಗೆ ಸಲೀಸಾಗಿ ಇಳಿಯುತ್ತದೆ. ಅಂಗಡಿಯ ಬಣ್ಣದ ಡಬ್ಬಿಗೆ ಕೂಲಿಯ ಹಣವನ್ನು ಸುರಿಯಬೇಕಾಗಿಲ್ಲ. ಇಲ್ಲಿ ಅಕ್ಕಿಯ ಮೂಟೆ ಕೊಟ್ಟವನು ಮಾಡಲಾರದ ಉಪಕಾರವನ್ನು ಒಂದು ಪ್ರಾತ್ಯಕ್ಷಿಕೆ ಮಾಡುತ್ತದೆ.

ಅನ್ನವೂ ಅರಿವೂ ಜೊತೆಯಾಗಿ ನಡೆದ ದೃಷ್ಟಾಂತವೊಂದು ನೆರೆಯ ತಮಿಳುನಾಡಿನಲ್ಲಿದೆ. 1980ರಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಅಲ್ಲಿ ಆರಂಭವಾದ ಸಮಗ್ರ ಪೌಷ್ಟಿಕಾಹಾರ ಯೋಜನೆಯಲ್ಲಿ, ಆರು ತಿಂಗಳಿನಿಂದ ಮೂರು ವರ್ಷದೊಳಗಿನ ಮಕ್ಕಳನ್ನು ಪ್ರತಿ ತಿಂಗಳೂ ತೂಗುತ್ತಿದ್ದರು. ತೂಕ ಏರದ ಮಗುವಿಗೆ 90 ದಿನ ವಿಶೇಷ ಆಹಾರ. ತಾಯಿಗೆ ಅದೇ ತೂಕದ ಪಟವನ್ನು ತೋರಿಸಿ ತಿಳಿವಳಿಕೆ. ತೀವ್ರ ಅಪೌಷ್ಟಿಕತೆಯು ಇಳಿಯಿತೆಂದು ಬಳಿಕ ನಡೆದ ಪರಿಶೀಲನೆಗಳು ಕಂಡುಕೊಂಡವು. 1982ರಲ್ಲಿ ಅದೇ ರಾಜ್ಯವು ಲಕ್ಷಾಂತರ ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ಆರಂಭಿಸಿತು. ಒಂದಿದ್ದುದರಿಂದ ಇನ್ನೊಂದು ಬೇಡವೆಂದು ಅವರು ಎಣಿಸಲಿಲ್ಲ.

ಮೂರನೆಯ ಆಕ್ಷೇಪವು ನಮ್ಮ ಮನೆಗಳಲ್ಲಿಯೇ ಕೇಳಿಬರುವಂಥದು: ಇದನ್ನೆಲ್ಲ ಅಜ್ಜಿಯರು ಬಲ್ಲರು, ಇದಕ್ಕೂ ಸಂಬಳ ಕೊಟ್ಟು ಒಬ್ಬರನ್ನು ನೇಮಿಸಬೇಕೆ? ಅಜ್ಜಿಯರ ಅರಿವು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಅರಿವು ಹರಿದುಬರಲು ಒಂದೇ ಸೂರಿನಡಿ ಮೂರು ತಲೆಮಾರು, ಹಿತ್ತಿಲಿನಲ್ಲಿ ನುಗ್ಗೆಯ ಮರ, ಕಣಜದಲ್ಲಿ ರಾಗಿ, ಕೈಯಲ್ಲಿ ಬಿಡುವು ಇದ್ದವು. ಹಳ್ಳಿಯನ್ನು ಬಿಟ್ಟು ನಗರದ ಅಂಚಿನ ಒಂದು ಕೋಣೆಯಲ್ಲಿ ನೆಲೆಸಿ, ಬೆಳಗಿನಿಂದ ಇರುಳಿನವರೆಗೆ ಊದುಬತ್ತಿ ಹೊಸೆಯುವ ಅಥವಾ ಬೀಡಿ ಕಟ್ಟುವ ತಾಯಿಗೆ ಇವುಗಳಲ್ಲಿ ಯಾವುದುಂಟು? ಅಲ್ಲದೆ ಪರಂಪರೆಯ ಹೆಸರಿನಲ್ಲಿ ಬಂದುದೆಲ್ಲ ಹಿತವೆನ್ನಲಾಗದು. ಬಾಣಂತಿಗೆ ನೀರನ್ನೂ ಸೊಪ್ಪುತರಕಾರಿಗಳನ್ನೂ ತಡೆಯುವುದು, ಹೆತ್ತೊಡನೆ ಬರುವ ಗಿಣ್ಣುಹಾಲನ್ನು ಕೂಸಿಗೆ ಕೊಡದೆ ಚೆಲ್ಲುವುದು ಮೊದಲಾದ ವಾಡಿಕೆಗಳು ಉಳ್ಳವರ ಮನೆಗಳಲ್ಲಿಯೂ ನಡೆದುಬಂದಿವೆ. ಉಳ್ಳವರ ಮನೆಯಲ್ಲಿ ತುಪ್ಪವೂ ಹಾಲೂ ಆ ನಷ್ಟವನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತವೆ. ಇಲ್ಲದವರ ಮನೆಯಲ್ಲಿ ತುಂಬುವುದಕ್ಕೆ ಏನೂ ಇಲ್ಲ. ಹೀಗೆ ಒಂದೇ ಅಜ್ಞಾನವು ಇಬ್ಬರಿಂದ ಬೇರೆ ಬೇರೆ ಬೆಲೆಯನ್ನು ವಸೂಲು ಮಾಡುತ್ತದೆ.

ಇಷ್ಟರಿಂದ ಅನ್ನದ ಅರಿವಿಗೆ ಧನಸಹಾಯ ಮಾಡುವುದು ಅನ್ನದಾನದ ಅಂಗವೇ ಹೊರತು ಅದರ ಪ್ರತಿಸ್ಪರ್ಧಿಯಲ್ಲವೆಂಬುದು ಸಿದ್ಧವಾಯಿತು. ಆದರೆ ಯಾವ ದಾನವೂ ಕೊಟ್ಟ ಮಾತ್ರದಿಂದ ಸಾತ್ತ್ವಿಕವಾಗದು. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ದಾನಕ್ಕೆ ದೇಶ, ಕಾಲ, ಪಾತ್ರಗಳನ್ನು ಹೇಳಿ, ಪ್ರತ್ಯುಪಕಾರದ ಅಪೇಕ್ಷೆಯನ್ನು ನಿಷೇಧಿಸಿದ್ದಾನೆ. ಆ ನಿಯಮಗಳನ್ನು ಈ ದಾನಕ್ಕೆ ಅನ್ವಯಿಸಿ ನೋಡತಕ್ಕದ್ದು.

ದೇಶವೆಂದರೆ ಇಲ್ಲಿ ಕಲಿಯುವವರ ಅಡುಗೆಯ ಸ್ಥಳ. ನಮ್ಮ ಸಭಾಂಗಣಕ್ಕೆ ಅವರನ್ನು ಕರೆಸಿ, ದೀಪ ಬೆಳಗಿಸಿ, ಎರಡು ಗಂಟೆ ಭಾಷಣ ಮಾಡಿ ಕಳುಹಿಸುವುದರಿಂದ ಭಾಷಣ ಮಾಡಿದವನಿಗೆ ತೃಪ್ತಿ. ಅವರ ಕೇರಿಯ ಅಂಗನವಾಡಿಯಲ್ಲಿ, ಅವರ ಬಳಿ ಇರುವ ಒಂದೇ ಒಲೆ, ಎರಡೇ ಪಾತ್ರೆಗಳಲ್ಲಿ, ಅವರ ಸಂತೆಯಲ್ಲಿ ಸಿಗುವ ಸೊಪ್ಪಿನಿಂದ ಮಾಡಿ ತೋರಿಸಿದ್ದು ಮಾತ್ರ ಮನೆಗೆ ಹೋಗುತ್ತದೆ. ಕಾಲವೆಂದರೆ ಗರ್ಭ ನಿಂತಂದಿನಿಂದ ಮಗುವಿಗೆ ಎರಡು ವರ್ಷ ತುಂಬುವವರೆಗಿನ ಸುಮಾರು ಸಾವಿರ ದಿನಗಳು. ಆಗ ತಪ್ಪಿದ ಬೆಳವಣಿಗೆಯನ್ನು ಮುಂದೆ ಪೂರ್ತಿಯಾಗಿ ಮರಳಿ ಪಡೆಯುವುದು ಬಹು ಕಷ್ಟ. 2018ರಿಂದ ಪೋಷಣ ಅಭಿಯಾನದ ಅಂಗವಾಗಿ ಸೆಪ್ಟೆಂಬರ್ ತಿಂಗಳನ್ನು ಪೋಷಣ ಮಾಸವೆಂದು ಆಚರಿಸುತ್ತಾರೆ. ಸಾಮಾನ್ಯವಾಗಿ ಅದು ಬರುವುದು ನಮ್ಮ ಚಾತುರ್ಮಾಸ್ಯದ ನಡುವೆ. ಆದರೆ ಮಗುವಿನ ಬೆಳವಣಿಗೆ ಒಂದು ಮಾಸದ ಆಚರಣೆಯನ್ನು ಕಾಯುವುದಿಲ್ಲ. ಪಾತ್ರವೆಂದಾಗ ನಾವು ಸಾಮಾನ್ಯವಾಗಿ ತೆಗೆದುಕೊಳ್ಳುವವನ ಯೋಗ್ಯತೆಯನ್ನು ಪರೀಕ್ಷಿಸುತ್ತೇವೆ. ಈ ದಾನದಲ್ಲಿ ಪರೀಕ್ಷೆಗೆ ಒಳಗಾಗಬೇಕಾದವನು ಕೊಡುವವನು. ಮೂವರು ಮಕ್ಕಳ ತಾಯಿಯೊಬ್ಬಳು ದಿನಕ್ಕೆ ಎಷ್ಟು ಸಂಪಾದಿಸುತ್ತಾಳೆ, ಅದರಲ್ಲಿ ಬಾಡಿಗೆಗೆಷ್ಟು, ಸಾಲಕ್ಕೆಷ್ಟು ಹೋಗುತ್ತದೆ ಎಂಬುದನ್ನು ವಿಚಾರಿಸದೆ ಅವಳಿಗೆ ಆಹಾರದ ಪಟ್ಟಿಯನ್ನು ಹಿಡಿಸುವವನು ಬೋಧಕನಾಗಲು ಅಪಾತ್ರನೇ ಸರಿ. ಮಗು ಸೊರಗಿರುವುದು ತಾಯಿಯ ಅಜ್ಞಾನದಿಂದಲೇ ಎಂದು ಹೊರಿಸುವುದು ಅದಕ್ಕಿಂತಲೂ ದೊಡ್ಡ ದೋಷ. ಕೂಲಿ ಸಾಲದಿರುವುದು, ನಲ್ಲಿಯ ನೀರು ಕೆಟ್ಟಿರುವುದು, ಮೇಲಿಂದ ಮೇಲೆ ಬರುವ ಭೇದಿ ಇವೆಲ್ಲ ಅವಳ ತಪ್ಪುಗಳಲ್ಲ.

ಚಾತುರ್ಮಾಸ್ಯದ ಪ್ರಸ್ತಾಪದಿಂದ ಇನ್ನೊಂದು ಮಾತು ನೆನಪಾಗುತ್ತದೆ. ಶಾಕವ್ರತದಲ್ಲಿ ತರಕಾರಿಯನ್ನು, ದಧಿವ್ರತದಲ್ಲಿ ಮೊಸರನ್ನು, ಕ್ಷೀರವ್ರತದಲ್ಲಿ ಹಾಲನ್ನು, ದ್ವಿದಳವ್ರತದಲ್ಲಿ ಬೇಳೆಕಾಳುಗಳನ್ನು ನಾವು ಬಿಡುತ್ತೇವೆ. ಬಿಡುವುದು ವ್ರತವೆನಿಸುವುದು ಇದ್ದುದನ್ನು ತಾನಾಗಿ ಬಿಟ್ಟಾಗ. ವರ್ಷದ ಹನ್ನೆರಡು ತಿಂಗಳೂ ತರಕಾರಿ, ಮೊಸರು, ಹಾಲು, ಬೇಳೆಗಳಿಲ್ಲದೆ ಇರುವವನದು ವ್ರತವಲ್ಲ, ಅಭಾವ. ನಮ್ಮ ನಿಯಮವು ನಮ್ಮ ಸಂಕಲ್ಪಕ್ಕೆ ಸೇರಿದ್ದು. ಅದನ್ನು ಸಂಕಲ್ಪ ಮಾಡದವರ ತಟ್ಟೆಯ ಮೇಲೆ ಹೇರುವ ಅಧಿಕಾರವು ದಾನದಿಂದ ಬರುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ರಾಜ್ಯದ ಉತ್ತರಭಾಗದ ಕೆಲವು ಜಿಲ್ಲೆಗಳ ಶಾಲಾಮಕ್ಕಳಿಗೆ ಮೊಟ್ಟೆಯನ್ನೂ, ಅದನ್ನು ಒಲ್ಲದವರಿಗೆ ಬಾಳೆಹಣ್ಣನ್ನೂ ಕೊಡಲು ಆರಂಭಿಸಿದಾಗ ಎದ್ದ ವಾದವಿವಾದವು ಹಲವರಿಗೆ ನೆನಪಿರಬಹುದು. ನಾವು ಮುಟ್ಟದ ವಸ್ತುವನ್ನು ನಮ್ಮ ಹಣದಿಂದ ಕೊಡೆಂದು ಯಾರೂ ನಮ್ಮನ್ನು ನಿರ್ಬಂಧಿಸಲಾರರು. ಕಡಲೆಕಾಯಿ, ಹುರುಳಿ, ಹೆಸರುಕಾಳು, ರಾಗಿ, ಹಾಲು, ಸೊಪ್ಪು, ಇವುಗಳನ್ನು ಕೊಡಲು, ಇವುಗಳ ಉಪಯೋಗವನ್ನು ಕಲಿಸಲು ನಮಗೆ ಬೇಕಾದಷ್ಟು ಅವಕಾಶವಿದೆ. ಆದರೆ ತಮ್ಮ ಮನೆಯ ಪದ್ಧತಿಯಂತೆ ಉಣ್ಣುವ ಮಕ್ಕಳಿಗೆ ಬೇರೆಯವರು ಕೊಡುವುದನ್ನು ತಡೆಯುವುದು ದಾನದ ಪರಿಧಿಗೆ ಹೊರಗಿನ ಕಾರ್ಯ. ಅರಿವನ್ನು ಕೊಡುವ ನೆಪದಲ್ಲಿ ಆಚಾರವನ್ನು ಬೇಡಿದರೆ ಅದೂ ಒಂದು ಪ್ರತ್ಯುಪಕಾರದ ಅಪೇಕ್ಷೆಯಾಗುತ್ತದೆ.

ಹಾಗಾದರೆ ಆಸ್ತಿಕ ಗೃಹಸ್ಥರು ಮಾಡಬಹುದಾದುದೇನು? ಸಂತರ್ಪಣೆಗೆ ಸಂಕಲ್ಪಿಸಿದ ಹಣವನ್ನು ಕಡಿಮೆ ಮಾಡದೆ, ಅದರ ಹತ್ತರಲ್ಲೊಂದು ಪಾಲನ್ನು ಅದಕ್ಕೆ ಕೂಡಿಸಿ ಈ ಕಾರ್ಯಕ್ಕೆ ಮೀಸಲಿಡುವುದು ಅಸಾಧ್ಯವೇನಲ್ಲ. ಅಂಗನವಾಡಿಗಳಿಗೆ ತಾಯಂದಿರೂ ಸದಸ್ಯರಾಗಿರುವ ಬಾಲವಿಕಾಸ ಸಮಿತಿಗಳುಂಟು, ಸ್ತ್ರೀಶಕ್ತಿ ಸಂಘಗಳುಂಟು. ಅವುಗಳನ್ನು ಕೇಳಿ ತಿಳಿದು ಕೊಡಬೇಕು. ಸರಿಯಾದ ತಕ್ಕಡಿ, ಪ್ರಾತ್ಯಕ್ಷಿಕೆಗೆ ಪಾತ್ರೆ ಮತ್ತು ದಿನಸಿ, ಮೊಳಕೆರಾಗಿ ಬೀಸಿಸುವ ಕೂಲಿ, ಕಲಿಯಲು ಬಂದ ತಾಯಿಗೆ ಆ ದಿನದ ದುಡಿಮೆಯ ನಷ್ಟವನ್ನು ತುಂಬಿಕೊಡುವುದು, ಇವೆಲ್ಲ ವೆಚ್ಚಗಳೇ. ಒಂದು ದಿನದ ದೊಡ್ಡ ಮೊತ್ತಕ್ಕಿಂತ ಮೂರು ವರ್ಷ ತಪ್ಪದೆ ಬರುವ ಚಿಕ್ಕ ಮೊತ್ತ ಹೆಚ್ಚು ಫಲಕಾರಿ, ಏಕೆಂದರೆ ಗರ್ಭದಿಂದ ಎರಡನೆಯ ವರ್ಷದವರೆಗೆ ಒಂದು ಮಗುವನ್ನು ಕಾಯಲು ಅಷ್ಟು ಕಾಲ ಬೇಕು. ಇನ್ನು ಕಲಿಸುವ ಕಾರ್ಯಕರ್ತೆಯ ವಿಷಯ. ಅವಳಿಗೆ ಸಲ್ಲುವುದನ್ನು ಸರ್ಕಾರವು ವೇತನವೆನ್ನದೆ ಗೌರವಧನವೆನ್ನುತ್ತದೆ. ಪಾಠ ಹೇಳಿದವರಿಗೆ ದಕ್ಷಿಣೆಯಿಲ್ಲದೆ ಕಳುಹಿಸಬಾರದೆಂಬ ಸಂಪ್ರದಾಯದಲ್ಲಿ ಬೆಳೆದ ನಾವು, ಕೇರಿಯ ತಾಯಂದಿರಿಗೆ ಪಾಠ ಹೇಳುವ ಆ ಹೆಣ್ಣುಮಗಳಿಗೆ ಹೆಸರಿನಲ್ಲಿರುವ ಗೌರವವು ಕೈಗೂ ಬರುವಂತೆ ನೋಡಿಕೊಳ್ಳಬೇಡವೆ?

ಕಡೆಯದಾಗಿ ಒಂದು ಮಾತು. ಸಂತರ್ಪಣೆಯ ಪಂಕ್ತಿಯು ವರ್ಷದಿಂದ ವರ್ಷಕ್ಕೆ ಬೆಳೆದಷ್ಟೂ ನಾವು ಹಿಗ್ಗುತ್ತೇವೆ. ದೇವರ ಪ್ರಸಾದಕ್ಕೆ ಜನ ಸೇರುವುದು ಸಂತೋಷವೇ. ಆದರೆ ಹಸಿವಿನ ಕಾರಣದಿಂದಲೇ ಬರುವವರ ಸಾಲು ಉದ್ದವಾಗುವುದು ಹಿಗ್ಗಿಗೆ ವಿಷಯವಲ್ಲ. ತೆಗೆದುಕೊಂಡವನು ಮತ್ತೆ ಕೈಚಾಚಬೇಕಾಗದ ಸ್ಥಿತಿಗೆ ಬರಲೆಂದು ಹಾರೈಸಿ ಕೊಡುವುದೇ ಫಲಾಪೇಕ್ಷೆಯಿಲ್ಲದ ದಾನ. ಮೊಳಕೆರಾಗಿಯ ಸರಿಯನ್ನು ಕಲಿತ ತಾಯಿಗೆ ಅದನ್ನು ಕಲಿಸಿದವರ ಹೆಸರು ನೆನಪಿರಬೇಕಾಗಿಲ್ಲ. ಅವಳು ಅದನ್ನು ಪಕ್ಕದ ಮನೆಯ ಬಸುರಿಗೆ ಹೇಳಿಕೊಟ್ಟರೆ ಸಾಕು. ಎಲೆಯ ಮೇಲೆ ಬಡಿಸಿದ ಅನ್ನವನ್ನೂ, ಹಾಗೆ ಮನೆಯಿಂದ ಮನೆಗೆ ನಡೆಯುವ ಅರಿವನ್ನೂ ಅನ್ನದಾತನಾದ ಶ್ರೀಹರಿಯು ಸಮಾನವಾಗಿ ಸ್ವೀಕರಿಸಲಿ.

ಶ್ರೀಕೃಷ್ಣಾರ್ಪಣಮಸ್ತು.